ಅಮ್ಮಿ ನೋಡದ ಊರು

ಮಗಳನ್ನು ಹೊರದೇಶಕ್ಕೆ ಓದಲು ಕಳಿಸುವುದು ಬಳ್ಳಾರಿ ಸೀಮೆಯ ನಮ್ಮಂಥ ಮನೆಗಳಲ್ಲಿ ಈಗ ಅಚ್ಚರಿಯ ಮಾತಲ್ಲ. ಸರಕಾರಿ ಸೀಟು ಸಿಗದೆ, ಖಾಸಗಿ ಕಾಲೇಜಿನ ಫೀಸು ಕೈಗೆಟುಕದೆ ಹೋದಾಗ ಎಂ.ಬಿ.ಬಿ.ಎಸ್. ಓದುವ ಆಸೆಯ ಮಕ್ಕಳು ರಷ್ಯಾ, ಕಿರ್ಗಿಸ್ತಾನ, ಫಿಲಿಪ್ಪೀನ್ಸ್ ಎಂದು ಹೊರಡುತ್ತಾರೆ. ನಮ್ಮ ಆಪಾನ ಮಗಳು ಬಿಷ್ಕೆಕ್ ನಗರಕ್ಕೆ ಹೋದದ್ದೂ ಹೀಗೆಯೇ. ಅದಕ್ಕಾಗಿ ಸಿರುಗುಪ್ಪದಲ್ಲಿ ಅಮ್ಮಿಯ ಹೆಸರಿನಲ್ಲಿದ್ದ ಎರಡು ಎಕರೆ ಭತ್ತದ ಗದ್ದೆ ಮಾರಾಟವಾಯಿತು.

ಆ ಊರನ್ನು ಒಮ್ಮೆ ನೋಡಬೇಕೆಂಬ ಆಸೆ ಅಮ್ಮಿಗಿತ್ತು. ಮೊಮ್ಮಗಳು ಯಾವ ಬೀದಿಯಲ್ಲಿ ನಡೆದಳು, ಎಲ್ಲಿ ರೊಟ್ಟಿ ಕೊಂಡಳು ಎಂದು ತಿಳಿಯುವ ಆಸೆ ಅದು. ಆದರೆ ಗದ್ದೆ ಮಾರಿ ಫೀಸು ಕಟ್ಟಿದವರಿಗೆ ವಿಮಾನದ ಟಿಕೇಟು ಎಲ್ಲಿಂದ ಬರಬೇಕು? ನಮ್ಮಲ್ಲಿ ಯಾರೂ ಹೋಗಲಿಲ್ಲ. ಫೋನಿನಲ್ಲಿ ಹಿಮ ಕಂಡದ್ದಷ್ಟೇ ನಮ್ಮ ಪಾಲಿಗೆ ಬಂತು.

ಹುಡುಗಿ ಪದವಿ ಪಡೆದು ಬಂದಳು. ಹೊರದೇಶದಲ್ಲಿ ಓದಿದವರಿಗೆ 2002ರಿಂದ ಇಲ್ಲಿ ಸ್ಕ್ರೀನಿಂಗ್ ಪರೀಕ್ಷೆ ಇದೆ; 300 ಅಂಕಗಳಲ್ಲಿ 150 ಪಡೆಯಬೇಕು. ಎರಡನೆಯ ಸಲಕ್ಕೆ ಪಾಸಾಗಿ, ಬಳ್ಳಾರಿಯಲ್ಲಿ ಒಂದು ವರ್ಷದ ಇಂಟರ್ನ್‌ಶಿಪ್‌ಗೆ ಸೇರಿದಳು. ಆದರೂ ಮದುವೆ ಮನೆಗಳಲ್ಲಿ ಕೇಳುವವರು ಕೇಳುತ್ತಲೇ ಇದ್ದರು: "ಅಲ್ಲಿಯ ಡಾಕ್ಟರೋ, ಇಲ್ಲಿಯ ಡಾಕ್ಟರೋ?"

ಒಂದು ಭಾನುವಾರ ಸಿರುಗುಪ್ಪದಿಂದ ನಾವು, ಕುರುಗೋಡಿನಿಂದ ಅವಳ ದಾದಿ, ಚಾಚಾ ಎಲ್ಲರೂ ಬಳ್ಳಾರಿಗೆ ಹೋದೆವು. ನಮಗೇನು ಬಳ್ಳಾರಿ ಹೊಸದೇ? ಸಂತೆ, ಕೋರ್ಟು, ಆಸ್ಪತ್ರೆ ಎಂದು ಓಡಾಡಿದ ಊರೇ. ಆದರೆ ಅಂದು ಅದನ್ನು ತೋರಿಸುವವಳು ಅವಳಾಗಿದ್ದಳು. ಕೌಲ್ ಬಜಾರಿನ ಗಲ್ಲಿಯಲ್ಲಿ ಜೀನ್ಸ್ ಹೊಲಿಯುವ ಮಿಷನ್ನುಗಳ ಸದ್ದು ಕೇಳಿ, "ನಾನಿ, ಇಲ್ಲಿಯ ಹೆಂಗಸರು ಬೆನ್ನುನೋವು ಎಂದು ನಮ್ಮ ಹತ್ತಿರ ಬರುತ್ತಾರೆ" ಎಂದಳು. ಮಂಡಾಳು ಒಗ್ಗರಣೆ, ಮಿರ್ಚಿ ತಿನ್ನಿಸಿ, ಆರು ವರ್ಷ ತಾನು ನೆನೆದದ್ದು ಇದನ್ನೇ ಎಂದಳು.

ಕೋಟೆಯ ಮೇಲೆ ಹತ್ತಲು ಅಮ್ಮಿಯ ಮೊಣಕಾಲು ಒಪ್ಪಲಿಲ್ಲ. ಕೆಳಗಿನ ಕೋಟೆಯ ಪೂರ್ವದ ಬಾಗಿಲ ಬಳಿ ನಿಂತೆವು. ಈ ಕೆಳಕೋಟೆಯನ್ನು ಹೈದರಾಲಿ ಒಬ್ಬ ಫ್ರೆಂಚ್ ಇಂಜಿನಿಯರನಿಂದ ಕಟ್ಟಿಸಿದನಂತೆ. ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವೆಂದು ಆಮೇಲೆ ತಿಳಿದು, ಸಿಟ್ಟಿನಲ್ಲಿ ಅವನನ್ನು ಗಲ್ಲಿಗೇರಿಸಿದನೆಂದು ಜನ ಹೇಳುತ್ತಾರೆ. ಅವನ ಗೋರಿ ಇಲ್ಲಿಯೇ ಇದೆ ಎನ್ನುವವರಿದ್ದಾರೆ. ಅದು ಒಬ್ಬ ವಲಿಯ ಗೋರಿ ಎಂದು ನಂಬುವವರೂ ಇದ್ದಾರೆ. ಹುಡುಗಿ ಎರಡನ್ನೂ ಹೇಳಿದಳು.

ಅಮ್ಮಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರಾದರೇನು ಬೇಟಿ, ದೂರದಿಂದ ಬಂದವನು. ಅವನ ತಾಯಿ ಈ ಊರನ್ನು ನೋಡಿರಲಿಕ್ಕಿಲ್ಲ" ಎಂದರು. ಹುಡುಗಿ ಅವರ ಕೈ ಹಿಡಿದುಕೊಂಡಳು. ಆಮೇಲೆ ಅಲ್ಲಿಯೇ ಕಲ್ಲಿನ ಮೇಲೆ ಕುಳಿತು, ಬಿಷ್ಕೆಕ್‌ನ ತನ್ನ ಹಾಸ್ಟೆಲಿನಿಂದ ಕಾಲೇಜಿಗೆ ಹೋಗುವ ದಾರಿಯನ್ನು ಮೊದಲ ಸಲ ವಿವರವಾಗಿ ಹೇಳಿದಳು: ಬಸ್ಸಿನ ನಿಲ್ದಾಣ, ರೊಟ್ಟಿ ಮಾರುವ ಮುದುಕಿ, ಜ್ವರ ಬಂದು ಒಬ್ಬಳೇ ಮಲಗಿದ ರಂಜಾನಿನ ರಾತ್ರಿ. ಜ್ವರದ ಸಂಗತಿ ಆಪಾಗೂ ಅಂದೇ ತಿಳಿದದ್ದು.

ಓದಲು ಕಳಿಸಿದವರು ಫೀಸಿನ ರಸೀದಿ ಇಟ್ಟುಕೊಳ್ಳುತ್ತಾರೆ. ಓದಿದವರು ಸರ್ಟಿಫಿಕೇಟು ತರುತ್ತಾರೆ. ನಡುವಿನ ಆರು ವರ್ಷ ಯಾರ ಕೈಯಲ್ಲೂ ಉಳಿಯುವುದಿಲ್ಲ. ಮಕ್ಕಳು ಮರಳಿ ಬಂದಾಗ "ಸಂಬಳ ಎಷ್ಟು?" ಎಂದು ಕೇಳುವ ಮೊದಲು "ಅಲ್ಲಿ ಹೇಗಿದ್ದೆ?" ಎಂದು ಕೇಳುವ ಪುರುಸೊತ್ತು ನಮ್ಮ ಮನೆಗಳಿಗೆ ಬರಬೇಕು. ಅದಕ್ಕೆ ವೀಸಾ ಬೇಕಿಲ್ಲ.