ಗಡಿಯಾರ ಗೋಪುರದ ಹತ್ತಿ

ಮುಂಬಯಿಯ ಓವಲ್ ಮೈದಾನದ ಪಕ್ಕದ ರಾಜಾಬಾಯಿ ಗೋಪುರಕ್ಕೆ ದುಡ್ಡು ಕೊಟ್ಟವರು ಹತ್ತಿ ವ್ಯಾಪಾರಿ ಪ್ರೇಮ್‌ಚಂದ್ ರಾಯ್‌ಚಂದ್. ಹೆಸರು ಅವರ ತಾಯಿಯದು.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ, ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಸಿಗದಾಯಿತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು, ಕುಮಟಾ ಬಂದರಿನಿಂದ ಮುಂಬಯಿಗೆ, ಅಲ್ಲಿಂದ ಲಿವರ್‌ಪೂಲಿಗೆ ಹೋಯಿತು. ಬೆಲೆ ಗಗನಕ್ಕೇರಿತು. ಮುಂಬಯಿಯ ಜನ ಕಡಲು ತುಂಬಿಸಿ ನೆಲ ಮಾಡುವ ಕಂಪನಿಗಳ ಷೇರಿಗೂ ಮುಗಿಬಿದ್ದರು.

1865ರಲ್ಲಿ ಯುದ್ಧ ಮುಗಿಯಿತು. ಲೋಕಕ್ಕೆ ಶಾಂತಿ, ಮುಂಬಯಿಗೆ ದಿವಾಳಿ, ರಾಯ್‌ಚಂದರೂ ಮುಳುಗಿದರು. ಆದರೆ ಮೊದಲೇ ಕೊಟ್ಟಿದ್ದ ದಾನ 1878ರಲ್ಲಿ ಗೋಪುರವಾಗಿ ನಿಂತಿತು. ಹತ್ತಿ ಬೆಳೆದವರ ಹೆಸರಿನಲ್ಲಿ ಅಲ್ಲೊಂದು ಕಲ್ಲೂ ಇಲ್ಲ.

ಇಂದಿಗೂ ದೂರದ ಜಲಸಂಧಿಯೊಂದು ಮುಚ್ಚಿದರೆ ದಲಾಲ್ ಸ್ಟ್ರೀಟ್ ಆ ಕ್ಷಣವೇ ನಡುಗುತ್ತದೆ. ಧಾರವಾಡದ ರೈತನಿಗೆ ಅದು ತಿಳಿಯುವುದು ಗೊಬ್ಬರದಂಗಡಿಯಲ್ಲಿ.