ಡಬ್ಬಿಯಲ್ಲಿ ಚಾಕಲೇಟು, ಒಲೆಯ ಮೇಲೆ ಚಹಾ

ಚಾಕಲೇಟನ್ನು ಫ್ರಿಜ್ಜಿನಲ್ಲಿ ಇಡಬೇಕೇ ಬೇಡವೇ ಎಂಬುದು ನಮ್ಮ ಕರಾವಳಿಯ ಮನೆಗಳಲ್ಲಿ ಇನ್ನೂ ಇತ್ಯರ್ಥವಾಗದ ವ್ಯಾಜ್ಯ. ಕಪಾಟಿನಲ್ಲಿದ್ದರೆ ಸಾಕೆನ್ನುವವರು ಒಂದು ಕಡೆ, ಫ್ರಿಜ್ಜಿನ ಬಾಗಿಲಲ್ಲಿಡಿ ಎನ್ನುವವರು ಇನ್ನೊಂದು ಕಡೆ, ಫ್ರೀಜರಿನಿಂದ ತೆಗೆದು ಕಟಕಟನೆ ಕಡಿದರೇ ಮಜಾ ಎನ್ನುವ ಮಕ್ಕಳು ಮತ್ತೊಂದು ಕಡೆ. ಚಹಾದ ಮಾತು ಬಂದರಂತೂ ಪಕ್ಷಗಳಿಗೆ ಲೆಕ್ಕವಿಲ್ಲ. ಹಾಲು ಮೊದಲೋ ನೀರು ಮೊದಲೋ, ಶುಂಠಿ ಜಜ್ಜಬೇಕೋ ತುರಿಯಬೇಕೋ, ಪುಡಿ ಕುದಿಯಬೇಕೋ ಮುಚ್ಚಿಟ್ಟರೆ ಸಾಕೋ, ಮನೆಮನೆಗೂ ಬೇರೆ ಕಾಯಿದೆ. ಅವರವರ ರುಚಿ ಅವರವರಿಗೆ, ಇದರಲ್ಲಿ ಮಾತಾಡುವುದೇನಿದೆ ಎಂದು ಕೆಲವರು ಎದ್ದು ಹೋಗುತ್ತಾರೆ. ನಾನು ಕುಳಿತುಕೊಳ್ಳುವವನು. ರುಚಿ ಅವರವರದೇ ಸರಿ, ಆದರೆ ರುಚಿಯ ಹಿಂದೆ ಕಾರಣಗಳಿರುತ್ತವೆ. ಕಾರಣಗಳಿದ್ದಲ್ಲಿ ಮಾತಿಗೆ ಜಾಗವಿದೆ.

ನನ್ನ ಪಕ್ಷವನ್ನು ಮೊದಲೇ ಹೇಳಿಬಿಡುತ್ತೇನೆ. ಚಾಕಲೇಟಿಗೆ ಹೇಳಿ ಮಾಡಿಸಿದ ಹವೆ 15ರಿಂದ 18 ಡಿಗ್ರಿ. ಚಳಿಗಾಲದ ಮಡಿಕೇರಿಯಲ್ಲಿ ಮನೆಯಿದ್ದವರು ಅದನ್ನು ಮರದ ಕಪಾಟಿನಲ್ಲಿಟ್ಟು ನಿಶ್ಚಿಂತೆಯಿಂದ ಇರಬಹುದು. ಪುತ್ತೂರು, ಮಂಗಳೂರು ಕಡೆಯ ನಮಗೆ ಆ ಭಾಗ್ಯವಿಲ್ಲ. ಏಪ್ರಿಲ್ ಮಧ್ಯಾಹ್ನ ಪಾರಾ 35 ಡಿಗ್ರಿ ಮುಟ್ಟುತ್ತದೆ, ಚಾಕಲೇಟಿನ ಕೊಕ್ಕೊ ಬೆಣ್ಣೆ ಕರಗುವುದು 34ರ ಆಸುಪಾಸಿನಲ್ಲಿ. ಈ ಬೆಣ್ಣೆಯ ಸ್ವಭಾವ ವಿಚಿತ್ರ. ಹೆಪ್ಪುಗಟ್ಟುವಾಗ ಅದು ಆರು ಬಗೆಯ ಹರಳುಗಳಾಗಬಲ್ಲದು. ಅವುಗಳಲ್ಲಿ ಐದನೆಯ ಬಗೆಗೆ ಮಾತ್ರ ಆ ಹೊಳಪು, ಮುರಿದಾಗಿನ ಆ ಟಕ್ಕೆಂಬ ಸದ್ದು, ನಾಲಿಗೆಯ ಮೇಲೆ ಸದ್ದಿಲ್ಲದೆ ಕರಗುವ ಗುಣ. ಕಾರ್ಖಾನೆಯವರು ಬಿಸಿ ಮಾಡಿ, ತಣಿಸಿ, ಮತ್ತೆ ತುಸು ಬಿಸಿ ಮಾಡಿ ಆ ಐದನೆಯ ಹರಳನ್ನೇ ಹಿಡಿದು ನಿಲ್ಲಿಸುತ್ತಾರೆ. ನಮ್ಮ ಸೆಕೆಯಲ್ಲಿ ಒಮ್ಮೆ ಕರಗಿ ರಾತ್ರಿ ಮತ್ತೆ ಗಟ್ಟಿಯಾಯಿತೋ, ಆ ಶ್ರಮವೆಲ್ಲ ಹೋಯಿತು. ಮೇಲೆ ಬೂದಿ ಬಳಿದಂಥ ಬಿಳುಪು ಏಳುತ್ತದೆ. ಬೂಷ್ಟು ಬಂತೆಂದು ಎಷ್ಟೋ ಜನ ಎಸೆದುಬಿಡುತ್ತಾರೆ. ಅದು ಬೂಷ್ಟಲ್ಲ, ಮೇಲೆದ್ದು ಬಂದ ಕೊಕ್ಕೊ ಬೆಣ್ಣೆ. ತಿಂದರೆ ತೊಂದರೆಯೇನಿಲ್ಲ, ಸೊಗಸು ಮಾತ್ರ ಹೋಗಿರುತ್ತದೆ. ಅಂಥ ಚಾಕಲೇಟನ್ನು ಬಿಸಿ ಹಾಲಿಗೆ ಹಾಕಿ ಕದಡಿ ಕುಡಿಯಿರಿ, ಎಸೆಯಬೇಡಿ.

ಹಾಗಾದರೆ ಫ್ರಿಜ್ಜೇ ಗತಿ ಎನ್ನಬಹುದು. ಹೌದು, ಆದರೆ ಬರಿಮೈಯಲ್ಲಿ ಅಲ್ಲ. ತಣ್ಣನೆಯ ಚಾಕಲೇಟನ್ನು ಸೆಕೆಯ ಗಾಳಿಗೆ ಹಿಡಿದರೆ ಅದರ ಮೈಮೇಲೆ ನೀರಹನಿ ಕೂರುತ್ತದೆ. ಆ ಹನಿಗೆ ಸಕ್ಕರೆ ಕರಗುತ್ತದೆ, ನೀರು ಆರಿದ ಮೇಲೆ ಸಕ್ಕರೆ ಮಾತ್ರ ತರಿತರಿಯಾಗಿ ಉಳಿಯುತ್ತದೆ. ಇದು ಎರಡನೆಯ ಬಗೆಯ ಬಿಳುಪು. ಬೆರಳಿನಿಂದ ಉಜ್ಜಿದರೆ ಎರಡರ ವ್ಯತ್ಯಾಸ ತಿಳಿಯುತ್ತದೆ: ಬೆಣ್ಣೆಯ ಬಿಳುಪು ಬೆರಳ ಬಿಸಿಗೆ ಕರಗಿ ಜಾರುತ್ತದೆ, ಸಕ್ಕರೆಯದು ಒರಟಾಗಿ ಹಾಗೇ ಇರುತ್ತದೆ. ಆದ್ದರಿಂದ ನನ್ನ ಕ್ರಮ ಹೀಗೆ. ಬೆಳ್ಳಿಕಾಗದವನ್ನು ಬಿಗಿಯಾಗಿ ಮಡಿಸಿ, ಗಾಳಿಯಾಡದ ಸ್ಟೀಲು ಡಬ್ಬಿಯಲ್ಲಿ ಹಾಕಿ, ಫ್ರಿಜ್ಜಿನ ಕೆಳಗಿನ ತರಕಾರಿ ಖಾನೆಯಲ್ಲಿಡುವುದು. ತಿನ್ನುವ ಅರ್ಧ ಗಂಟೆ ಮೊದಲು ಡಬ್ಬಿಯನ್ನು ಹೊರಗೆ ತೆಗೆಯುವುದು, ಆದರೆ ಮುಚ್ಚಳ ತೆರೆಯದಿರುವುದು. ನೀರಹನಿ ಡಬ್ಬಿಯ ಹೊರಮೈಗೆ ಕೂರಲಿ. ಒಳಗಿನದು ನಿಧಾನವಾಗಿ ಮನೆಯ ಹವೆಗೆ ಬರಲಿ. ಫ್ರೀಜರಿನ ಪಕ್ಷವನ್ನು ನಾನು ಒಪ್ಪದಿರುವುದೂ ಇದಕ್ಕೇ: ಕರಗಿದರೆ ತಾನೆ ಪರಿಮಳ ಬಿಡುವುದು? ಕಲ್ಲಾದ ಚಾಕಲೇಟು ಹಲ್ಲಿಗೆ ಸಿಗುತ್ತದೆ, ಮೂಗಿಗೆ ಸಿಗುವುದಿಲ್ಲ.

ಡಬ್ಬಿಯ ಹಟಕ್ಕೆ ಇನ್ನೂ ಒಂದು ಕಾರಣವಿದೆ. ನಮ್ಮ ಕಡೆ ಫ್ರಿಜ್ಜೆಂದರೆ ಅದರಲ್ಲಿ ಬಾಳೆಲೆಯಲ್ಲಿ ಸುತ್ತಿದ ಶಂಕರಪುರ ಮಲ್ಲಿಗೆಯ ಚೆಂಡು ಇರುತ್ತದೆ, ನಿನ್ನೆಯ ಸಾಂಬಾರು ಇರುತ್ತದೆ, ಹೆಚ್ಚಿಟ್ಟ ಈರುಳ್ಳಿ ಇರುತ್ತದೆ. ಕೊಬ್ಬು ತುಂಬಿದ ಚಾಕಲೇಟು ನೆರೆಹೊರೆಯ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಮಲ್ಲಿಗೆಯ ವಾಸನೆ ಮುಡಿಯಲ್ಲಿ ಚೆಂದ, ಹಾಲು ಚಾಕಲೇಟಿನಲ್ಲಿ ನನಗೆ ಸಹಿಸಲಾಗದು.

ಚಹಾದ ಎಲೆಗೂ ಇದೇ ಗುಣ. ವಾಸನೆ, ತೇವ, ಬೆಳಕು ಮೂರೂ ಅದಕ್ಕೆ ಆಗದು. ಹಾಗಾಗಿ ಚಹಾಪುಡಿಯನ್ನು ಗಾಜಿನ ಭರಣಿಯಲ್ಲಿ ಕಿಟಕಿಯ ಬಳಿ ಇಡುವುದು, ಇಂಗಿನ ಡಬ್ಬಿಯ ಪಕ್ಕ ಇಡುವುದು ಎರಡೂ ನನಗೆ ಒಗ್ಗದು. ಆದರೆ ಚೀನಾದವರು ಇದೇ ಗುಣವನ್ನು ಒಲಿಸಿಕೊಂಡರು. ಒಣಗಿದ ಚಹಾ ಎಲೆಯ ಜೊತೆ ಬಿರಿಯುವ ಮಲ್ಲಿಗೆಯನ್ನು ಹರಡಿ, ರಾತ್ರಿಯೆಲ್ಲ ಪರಿಮಳ ಹೀರಲು ಬಿಟ್ಟು, ಬೆಳಿಗ್ಗೆ ಹೂವನ್ನು ಬೇರ್ಪಡಿಸಿ, ಮತ್ತೆ ಹೊಸ ಹೂವು ಹರಡಿ ಮಲ್ಲಿಗೆ ಚಹಾ ಮಾಡಿದರು. ಬೇಕೆಂದು ಬೆರೆಸುವುದಕ್ಕೂ ಅಲಕ್ಷ್ಯದಿಂದ ಬೆರೆಯಲು ಬಿಡುವುದಕ್ಕೂ ಅಷ್ಟು ದೂರ.

ಅಲಕ್ಷ್ಯ ನನಗೆ ಇಷ್ಟು ಚುಚ್ಚುವುದಕ್ಕೆ ಕಾರಣ ನಮ್ಮ ಅಡಿಕೆ ತೋಟಗಳು. ದಕ್ಷಿಣ ಕನ್ನಡದವರಿಗೆ ಚಾಕಲೇಟು ಅಂಗಡಿಯಿಂದ ಮಾತ್ರ ಬರುವ ವಸ್ತುವಲ್ಲ. ಅಡಿಕೆಯ ನೆರಳಲ್ಲಿ ಕೊಕ್ಕೊ ಗಿಡವಿದೆ, ಅದರ ಕಾಯಿ ಕಾಂಡದ ಮೈಗೇ ಅಂಟಿಕೊಂಡು ಬಿಡುತ್ತದೆ. ಹಣ್ಣನ್ನು ಅಳಿಲು, ಇಲಿಗಳಿಂದ ಉಳಿಸಿಕೊಳ್ಳಬೇಕು. ಒಡೆದರೆ ಬೀಜದ ಸುತ್ತ ಬಿಳಿಯ ಸಿಹಿ ಲೋಳೆ. ಅದನ್ನು ಚೀಪದೆ ದೊಡ್ಡವರಾದ ಮಕ್ಕಳು ಇಲ್ಲಿ ಕಡಿಮೆ. 1980ರ ಸುಮಾರಿಗೆ ಕೊಕ್ಕೊ ಬೆಲೆ ಕುಸಿದು ಬೆಳೆಗಾರರು ಕಂಗಾಲಾದಾಗ ಕೈಹಿಡಿದದ್ದು ಕ್ಯಾಂಪ್ಕೊ. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಅಡಿಕೆಗಾಗಿ ಹುಟ್ಟಿದ ಆ ಸಹಕಾರಿ ಸಂಸ್ಥೆ ಕೊಕ್ಕೊವನ್ನೂ ಕೊಳ್ಳತೊಡಗಿತು, 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟು ಕಾರ್ಖಾನೆಯನ್ನೇ ತೆರೆಯಿತು. ಬೆಳೆಗಾರರೇ ಒಡೆಯರಾದ ಕಾರ್ಖಾನೆ. ಹಸಿ ಬೀಜ ಐದಾರು ದಿನ ಹುಳಿಯಬೇಕು, ನಡುವೆ ಮಗುಚಬೇಕು. ಆ ರಾಶಿ ತಾನಾಗಿ ಕಾದು 50 ಡಿಗ್ರಿಯ ಹತ್ತಿರ ಹೋಗುತ್ತದೆ. ಚಾಕಲೇಟಿನ ಪರಿಮಳಕ್ಕೆ ಬುನಾದಿ ಬೀಳುವುದು ಅಲ್ಲಿ. ಆಮೇಲೆ ಒಣಗಿಸಬೇಕು, ಅದೂ ನಮ್ಮ ಮಳೆಯಲ್ಲಿ. ಇಷ್ಟೆಲ್ಲ ದಾಟಿ ಬಂದ ಪರಿಮಳ ಕೊನೆಗೆ ಈರುಳ್ಳಿಯ ಪಾಲಾಗಬಾರದು ಎಂಬುದಷ್ಟೇ ನನ್ನ ಹಟ.

ಈಗ ಒಲೆಯ ಮುಂದೆ ಹೋಗೋಣ. ನಮ್ಮ ಮನೆಗಳ ಪುಡಿ ಬಹುಪಾಲು ಸಿಟಿಸಿ, ಅಂದರೆ ಎಲೆಯನ್ನು ಜಜ್ಜಿ, ಹರಿದು, ಸುರುಳಿಸಿ ಮಾಡಿದ ಕಾಳು. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಹುಟ್ಟಿದ ವಿಧಾನವಿದು. ಕಾಳು ಸಣ್ಣದಾದ್ದರಿಂದ ಬಣ್ಣ, ಕಸುವು ಎರಡನ್ನೂ ಬೇಗ ಬಿಡುತ್ತದೆ. ಹೀಗಿರುವಾಗ ಹತ್ತು ನಿಮಿಷ ಕುದಿಸಿದರೆ ಉಳಿಯುವುದು ಒಗರು. ನಾನು ನೀರು ಕುದಿದ ಮೇಲೆ ಪುಡಿ ಹಾಕಿ, ಒಂದೆರಡು ಕುದಿ ಬಂದ ಕೂಡಲೇ ಒಲೆ ಆರಿಸಿ, ಮೂರು ನಿಮಿಷ ಮುಚ್ಚಿಡುತ್ತೇನೆ. ಬಿಸಿ ಹಾಲು ಆಮೇಲೆ. ಹಾಲಿನ ಪ್ರೋಟೀನು ಚಹಾದ ಒಗರನ್ನು ಹಿಡಿದುಕೊಳ್ಳುತ್ತದೆ, ಅದಕ್ಕೇ ಹಾಲು ಬಿದ್ದ ಚಹಾ ನಾಲಿಗೆಗೆ ಮೆತ್ತಗೆ. ಶುಂಠಿ ಹಾಕುವುದಾದರೆ ಮೊದಲು ನೀರಿನಲ್ಲೇ ಚೆನ್ನಾಗಿ ಕುದಿಯಬೇಕು. ಹಸಿ ಶುಂಠಿಯಲ್ಲಿ ಹಾಲನ್ನು ಒಡೆಯುವ ಕಿಣ್ವವಿದೆ, ಕುದಿಗೆ ಅದು ಸಾಯುತ್ತದೆ. ಬೆಲ್ಲದ ಚಹಾ ಆದರೆ ಬೆಲ್ಲ ಕಟ್ಟಕಡೆಗೆ, ಒಲೆಯಿಂದ ಇಳಿಸಿದ ಮೇಲೆ. ನೀಲಗಿರಿಯ ಒಳ್ಳೆಯ ಎಲೆಚಹಾ ಸಿಕ್ಕಿದ ದಿನ ಹಾಲೂ ಇಲ್ಲ, ಶುಂಠಿಯೂ ಇಲ್ಲ. ಕುದಿದ ನೀರು, ಮೂರು ನಿಮಿಷ, ಮತ್ತೆ ಸೋಸುವುದು.

ಹುಬ್ಬಳ್ಳಿ ಧಾರವಾಡದ ಗೆಳೆಯರು ಇದನ್ನು ಒಪ್ಪುವುದಿಲ್ಲ. ಅವರಿಗೆ ಹಾಲಿನಲ್ಲೇ ಕುದಿದ ಖಡಕ್ ಚಹಾ ಆಗಬೇಕು. ಅವರ ಮನೆಯಲ್ಲಿ ಅದನ್ನೇ ಸಂತೋಷದಿಂದ ಕುಡಿಯುತ್ತೇನೆ, ಏಕೆಂದರೆ ಅಲ್ಲಿಯೂ ಒಲೆಯ ಮುಂದೆ ಒಬ್ಬರು ಕಣ್ಣಿಟ್ಟು ನಿಂತಿರುತ್ತಾರೆ.

ಇಂಥ ಅಭಿರುಚಿಗಳನ್ನು ತಳ್ಳಿಹಾಕದ ಒಬ್ಬ ದೊಡ್ಡ ಮನುಷ್ಯ ನನಗೆ ಬಹಳ ಪ್ರಿಯ. 1920ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮ್ಯೂರಿಯಲ್ ಬ್ರಿಸ್ಟಲ್ ಎಂಬ ವಿಜ್ಞಾನಿ, ಬಟ್ಟಲಿಗೆ ಹಾಲು ಮೊದಲು ಬಿತ್ತೋ ಚಹಾ ಮೊದಲು ಬಿತ್ತೋ ರುಚಿಯಲ್ಲೇ ಹೇಳಬಲ್ಲೆ ಎಂದರು. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಆ ಮಾತನ್ನು ಪರೀಕ್ಷೆಗೆ ತಕ್ಕ ಮಾತಾಗಿ ತೆಗೆದುಕೊಂಡರು. ಎಂಟು ಬಟ್ಟಲು, ನಾಲ್ಕು ಹಾಗೆ, ನಾಲ್ಕು ಹೀಗೆ, ಕ್ರಮ ಗೊತ್ತಿಲ್ಲದಂತೆ ಕಲಸಿ ಕೊಡಬೇಕು. ಬರಿ ಊಹೆಯಿಂದ ಎಲ್ಲವೂ ಸರಿಹೋಗುವ ಸಾಧ್ಯತೆ 70ರಲ್ಲಿ ಒಂದು. ಈ ಉದಾಹರಣೆಯನ್ನು ಅವರು ಪ್ರಯೋಗಗಳ ವಿನ್ಯಾಸದ ಬಗೆಗಿನ ತಮ್ಮ 1935ರ ಪುಸ್ತಕದಲ್ಲಿ ಬಳಸಿದರು. ಇಂದಿಗೂ ಸಂಖ್ಯಾಶಾಸ್ತ್ರದ ಪಾಠ ಆ ಎಂಟು ಬಟ್ಟಲುಗಳನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಚಹಾದ ಬಗ್ಗೆ ಒಬ್ಬರು ಹೇಳಿದ ಮಾತನ್ನು ಇನ್ನೊಬ್ಬರು ಗೌರವದಿಂದ ಕೇಳಿಸಿಕೊಂಡದ್ದರಿಂದ ಆದ ಲಾಭವಿದು.

ಚಾಕಲೇಟಾಗಲಿ ಚಹಾ ಆಗಲಿ ಕಾರ್ಖಾನೆಯಿಂದ ಹೊರಟಾಗ ತಯಾರಾಗಿ ಮುಗಿದಿರುವುದಿಲ್ಲ. ಬೆಳೆದವರು, ಕೊಯ್ದವರು, ಹುಳಿಸಿ ಒಣಗಿಸಿದವರು ತಮ್ಮ ಪಾಲಿನದನ್ನು ಮಾಡಿ ಕೊಟ್ಟಿದ್ದಾರೆ. ಕೊನೆಯ ಅರ್ಧ ಗಂಟೆಯ ಕೆಲಸ ನಮ್ಮ ಪಾಲಿಗೆ ಬಂದಿದೆ. ಮನೆಗೆ ಬಂದವರಿಗೆ ಸಕ್ಕರೆ ಎಷ್ಟು, ಹಾಲು ಎಷ್ಟು ಎಂದು ಕೇಳಿ, ಅವರು ಹೇಳಿದಂತೆಯೇ ಮಾಡಿಕೊಡಿ. ನೀರಿಟ್ಟ ಕೂಡಲೇ ಚಾಕಲೇಟಿನ ಡಬ್ಬಿಯನ್ನು ಹೊರಗೆ ತೆಗೆದಿಡಿ, ಮಾತು ಮುಗಿಯುವ ಮೊದಲೇ ಅದು ಹದಕ್ಕೆ ಬಂದಿರುತ್ತದೆ. ಚಹಾ ಒಂದು ಗುಟುಕು ಕುಡಿದು, ಬಾಯಿ ಬೆಚ್ಚಗಿರುವಾಗಲೇ ಕಪ್ಪು ಚಾಕಲೇಟಿನ ಒಂದು ತುಂಡನ್ನು ನಾಲಿಗೆಯ ಮೇಲಿಡಲು ಹೇಳಿ. ಕಡಿಯಬೇಡಿ ಎಂದೂ ಹೇಳಿ.