ಹೊಳೆಬಾಗಿಲಿನ ಗಡಿಯಾರ

ಆವಿನಹಳ್ಳಿ ದಾಟಿದ ಮೇಲೆ ರಸ್ತೆ ಇಳಿಯುತ್ತಲೇ ಇದೆ. ಅಕೇಶಿಯಾ ನೆಡುತೋಪು, ಅದರಾಚೆ ಕಾಡು, ಮತ್ತೊಂದು ತಿರುವು. ಆ ತಿರುವು ಕಳೆದದ್ದೇ ಟಾರು ಮುಗಿಯುತ್ತದೆ. ಮುಂದೆ ಕೆಂಪು ಮಣ್ಣಿನ ಇಳಿಜಾರು, ಅದರ ಕೊನೆಗೆ ನೀರು. ಎಡಕ್ಕೂ ನೀರು, ಬಲಕ್ಕೂ ನೀರು, ಎದುರಿಗೆ ದೂರದಲ್ಲಿ ಕಪ್ಪು ಹಸಿರು ಗುಡ್ಡಗಳ ಸಾಲು.

"ಅಯ್ಯೋ, ರೋಡೇ ಮುಳುಗೋಗದಲ್ಲಪ್ಪಾ!" ಹಿಂದಿನ ಸೀಟಿನಿಂದ ದೊಡ್ಡವ್ವ ಕೂಗುತ್ತಾಳೆ.

ಡ್ರೈವರ್ ಹುಡುಗ ನಗುತ್ತಾನೆ. ಆದರೆ ದೊಡ್ಡವ್ವ ಹೇಳಿದ್ದು ಅಕ್ಷರಶಃ ನಿಜ. 1964ರಲ್ಲಿ ಲಿಂಗನಮಕ್ಕಿಯಲ್ಲಿ ಶರಾವತಿಗೆ ಅಣೆಕಟ್ಟು ಎದ್ದು ನಿಂತಾಗ ಮುಳುಗಿದ್ದು ಗದ್ದೆ, ತೋಟ, ಮನೆ, ಕಾಡು ಮಾತ್ರವಲ್ಲ. ಸಾಗರ ಪೇಟೆಯಿಂದ ಆಚೆ ದಡದ ಊರುಗಳಿಗೆ ಹೋಗುತ್ತಿದ್ದ ದಾರಿಗಳೂ ಮುಳುಗಿದವು. ಇದು ಅಂಬಾರಗೋಡ್ಲು. ಇಲ್ಲಿಯವರ ಬಾಯಲ್ಲಿ ಹೊಳೆಬಾಗಿಲು. ಆಚೆ ದಡದಲ್ಲಿ ಕಳಸವಳ್ಳಿ, ಅಲ್ಲಿಂದ ಮುಂದೆ ತುಮರಿ, ಸಿಗಂದೂರು.

2025ರ ಫೆಬ್ರವರಿ. ಸಿಗಂದೂರಿನ ಚೌಡೇಶ್ವರಿಯ ಸಂಕ್ರಾಂತಿ ಜಾತ್ರೆಯ ನೂಕುನುಗ್ಗಲು ಕಳೆದಿದೆ. ನಾವು ತಾಳವಾಡಿಯಿಂದ ಚಾಮರಾಜನಗರ, ಮೈಸೂರು, ಶಿವಮೊಗ್ಗ ಹಿಡಿದು ಬಂದವರು. ನಮ್ಮ ಊರು ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ್ದಾದರೂ ಮನೆಮಾತು ಕನ್ನಡ, ಹರಕೆ ಹೊತ್ತ ದೇವರುಗಳು ಎರಡೂ ಕಡೆ. ರಾಗಿ, ಹುರುಳಿಯ ಹೊಲಗಳ ಜನ ನಾವು. ಹೀಗೆ ಕಣ್ಣು ಹಾಯಿಸಿದಷ್ಟೂ ನೀರು ಕಂಡರೆ ಮಾತು ಸ್ವಲ್ಪ ಹೊತ್ತು ನಿಲ್ಲುತ್ತದೆ.

ವಾಹನಗಳ ಸಾಲಿನಲ್ಲಿ ನಮ್ಮ ವ್ಯಾನಿಗೆ ಜಾಗ ಸಿಗುತ್ತದೆ. ಇಳಿದು ನಡೆಯುತ್ತೇವೆ. ಚುರುಮುರಿ, ಕಡ್ಲೆ, ಚಹಾದ ಗೂಡಂಗಡಿಗಳು. ಬಿಸಿಲಿಗೆ ಮಣ್ಣಿನ ದಡ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿದೆ. ನೀರು ಇಳಿಯುತ್ತ ಹೋದಂತೆ ಬಿಟ್ಟ ಗುರುತುಗಳವು. ಜಲಾಶಯದ ಪೂರ್ಣ ಮಟ್ಟ 1819 ಅಡಿ. ಮಳೆಗಾಲದಲ್ಲಿ ಈ ಅಂಗಡಿಗಳ ಹತ್ತಿರಕ್ಕೆ ಬರುವ ನೀರು ಬೇಸಿಗೆಯಲ್ಲಿ ಬಹಳ ಕೆಳಗೆ ಸರಿಯುತ್ತದೆ. ಹಾಗಾಗಿ ಜನರನ್ನೂ ವಾಹನಗಳನ್ನೂ ಆಚೆ ದಡಕ್ಕೆ ದಾಟಿಸುವ ಲಾಂಚು ನಿಲ್ಲುವ ಜಾಗವೂ ನೀರಿನ ಹಿಂದೆಯೇ ಹೋಗುತ್ತದೆ. 2023ರ ಜೂನ್‌ನಲ್ಲಿ ಮಳೆ ತಡವಾಗಿ, ನೀರು ತೀರಾ ತಗ್ಗಿ, ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸಬೇಕಾಯಿತು.

ಬಂತು. ದೂರದಲ್ಲಿ ಚುಕ್ಕೆಯಾಗಿದ್ದದ್ದು ಡೀಸೆಲ್ ಎಂಜಿನ್ನಿನ ಗುಡುಗಿನೊಂದಿಗೆ ದೊಡ್ಡದಾಗುತ್ತ ಬಂದು ದಡಕ್ಕೆ ಮೂತಿ ಒತ್ತುತ್ತದೆ. ಕಬ್ಬಿಣದ ಹಲಗೆ ಧಡಾರನೆ ಮಣ್ಣಿಗೆ ಬೀಳುತ್ತದೆ. ಮೊದಲು ಬೈಕುಗಳು, ಆಮೇಲೆ ಕಾರುಗಳು, ಕೊನೆಗೆ, ನಮ್ಮವರೆಲ್ಲ ಬಾಯಿ ಬಿಟ್ಟು ನೋಡುತ್ತಿರುವಂತೆಯೇ, ಜನ ತುಂಬಿದ ಒಂದು ಬಸ್ಸು ನೀರಿನ ಮೇಲಿನಿಂದ ದಡಕ್ಕೆ ಹತ್ತುತ್ತದೆ.

"ತೆಂಗುಮರಹಾಡಕ್ಕೆ ಹರಿಗೋಲಲ್ಲಿ ಕೂತು ಹೋಗಿವ್ನಿ. ಬಸ್ಸು ದೋಣಿ ಹತ್ತೋದ ಇವತ್ತೇ ಕಂಡದ್ದು," ಎನ್ನುತ್ತಾಳೆ ದೊಡ್ಡವ್ವ. ಭವಾನಿಸಾಗರದ ಕಾಡಿನಾಚೆ ಮೋಯಾರ್ ಹೊಳೆ ದಾಟಿದರೆ ಆ ಊರು. ಅಲ್ಲಿ ಸೇತುವೆಯೂ ಇಲ್ಲ, ಲಾಂಚೂ ಇಲ್ಲ. ಹೊಳೆ ಏರಿದರೆ ಹರಿಗೋಲೂ ಇಲ್ಲ.

ಈಗ ನಮ್ಮ ಸರದಿ. ಬಸ್ಸಿಗೆ ಮೊದಲು ದಾರಿ. ನಂತರ ಕಾರು, ಜೀಪು, ನಮ್ಮ ವ್ಯಾನು. ಸಿಬ್ಬಂದಿ ಕೈ ಆಡಿಸುತ್ತಾರೆ: "ಬರ್ಲಿ, ಬರ್ಲಿ, ಬಲಕ್ಕೆ, ಸಾಕು!" ಎರಡು ಕಾರಿನ ನಡುವೆ ಬಾಗಿಲು ತೆರೆಯಲೂ ಎಡೆಯಿಲ್ಲ. ಉಳಿದ ಸಂದಿಗಳಲ್ಲಿ ಬೈಕುಗಳು ತೂರುತ್ತವೆ. ಅದಕ್ಕೂ ಉಳಿದ ಜಾಗದಲ್ಲಿ ಜನ. ಕಾಲೇಜು ಬ್ಯಾಗಿನ ಹುಡುಗಿಯರು, ಖಾಲಿ ಹಾಲಿನ ಕ್ಯಾನು ಹಿಡಿದವರು, ಗ್ಯಾಸ್ ಸಿಲಿಂಡರ್ ಉರುಳಿಸಿಕೊಂಡು ಬಂದ ಒಬ್ಬರು, ಅಡಿಕೆ ಮಂಡಿಯಿಂದ ಮರಳುತ್ತಿರುವ ಬಿಳಿ ಪಂಚೆಯ ಹಿರಿಯರು, ಕೂದಲಿಗೆ ಹೂ ಮುಡಿದ ಯಾತ್ರಿಕರು. ಹಲಗೆ ಮೇಲೇಳುತ್ತದೆ. ಎಂಜಿನ್ನಿನ ನಡುಕ ಅಂಗಾಲಿಗೆ ಹತ್ತುತ್ತದೆ. ದಡ ಮೆಲ್ಲಗೆ ಹಿಂದೆ ಸರಿಯುತ್ತದೆ.

ಗಾಳಿ. ಡೀಸೆಲ್ ಹೊಗೆಯ ವಾಸನೆ ಒಮ್ಮೆ ಬಂದು ಹೋಗಿ, ಆಮೇಲೆ ಬರೀ ನೀರಿನ ವಾಸನೆ. ಒಣಗಿ ಬೂದು ತಿರುಗಿದ ಮರದ ಬೊಡ್ಡೆಗಳು ನೀರಿನಿಂದ ಮೇಲೆದ್ದಿವೆ. ಒಂದರ ಮೇಲೆ ನೀರುಕಾಗೆ ರೆಕ್ಕೆ ಬಿಚ್ಚಿ ಕೂತಿದೆ. ನಮ್ಮ ಕೆಳಗೆ ಇರುವುದು ಒಂದು ಸೀಮೆ. 1948ರಲ್ಲಿ ಮಡೆನೂರಿನ ಬಳಿ ಮುಗಿದ ಹಿರೇಭಾಸ್ಕರ ಅಣೆಕಟ್ಟನ್ನೂ ಈ ಹಿನ್ನೀರು ನುಂಗಿತು. ನೀರು ತೀರಾ ಇಳಿದ ವರ್ಷಗಳಲ್ಲಿ ಅದು ಮೇಲೆ ಕಾಣುತ್ತದೆ. ಜನ ಅದರ ಮೇಲೆ ನಡೆದಾಡಿ ಬರುತ್ತಾರೆ. ಇಲ್ಲಿ ನಿಂತ ಸುಮಾರು 151 ಟಿಎಂಸಿ ನೀರು ಕೆಳಗಿನ ಶರಾವತಿ ವಿದ್ಯುದಾಗಾರದಲ್ಲಿ 1035 ಮೆಗಾವ್ಯಾಟ್ ಸಾಮರ್ಥ್ಯದ ಯಂತ್ರಗಳನ್ನು ತಿರುಗಿಸುತ್ತದೆ. ನಾಡಿನ ಪೇಟೆಗಳಿಗೆ ಬೆಳಕು ಹೋಯಿತು, ಇಲ್ಲಿಯವರಿಗೆ ನೀರಿನ ಬೇಲಿ ಬಂತು. ಈ ಮುಳುಗಡೆಯ ಬದುಕನ್ನು ಕಾದಂಬರಿಗಳಾಗಿ ಬರೆದ ಸಾಗರದ ನಾ. ಡಿಸೋಜ ಹೋದ ತಿಂಗಳು, ಜನವರಿ 5ರಂದು ತೀರಿಕೊಂಡರು. ಅವರ 'ದ್ವೀಪ'ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದ್ದು ನಮ್ಮ ಕಡೆಯವರಿಗೂ ನೆನಪಿದೆ.

ಯಾತ್ರಿಕರು ಸೆಲ್ಫಿ ತೆಗೆಯುತ್ತಿದ್ದಾರೆ. ಊರಿನವರು ಕಂಬಿಗೆ ಒರಗಿ ಮೊಬೈಲಿನಲ್ಲಿ ಗಂಟೆ ನೋಡುತ್ತಿದ್ದಾರೆ. ಯಾರು ಬಂದವರು, ಯಾರು ಇಲ್ಲಿಯವರು ಎನ್ನುವುದು ಇಷ್ಟರಿಂದಲೇ ತಿಳಿಯುತ್ತದೆ.

ದೊಡ್ಡವ್ವ ಆಗಲೇ ಪಕ್ಕದ ಹೆಂಗಸಿನ ಜೊತೆ ಮಾತಿಗೆ ಇಳಿದಿದ್ದಾಳೆ.

"ನೀವು ಎಲ್ಲಿಂದ ಬಂದಿದ್ದು?"

"ತಾಳವಾಡಿ ಕನವ್ವ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಅಂತೀವಲ್ಲ, ಅದರ ಮಗ್ಗುಲಿಗೆ."

"ಹೌದಾ! ಅಷ್ಟು ದೂರದಿಂದ?"

"ಈ ಲಾಂಚು ರಾತ್ರಿ ಇರಲ್ವಾ?"

"ಇಲ್ಲ ಮಾರಾಯ್ರೆ. ಸಂಜೆದೇ ಕೊನೆ. ಆಮೇಲೆ ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ಲಾಂಚಿನವರಿಗೆ ಫೋನ್ ಮಾಡಿ ಕರೀಬೇಕು, ಇಲ್ಲ ಅಂದ್ರೆ ಸುತ್ತು ಬಳಸಿ ಹೋಗ್ಬೇಕು. ಎಂತ ಮಾಡೂದು."

"ನಮ್ಗೂ ಹಂಗೇ ಕನವ್ವ. ಈರೋಡಿಗೆ ಇಳಿಯೋ ದಿಂಬಂ ಘಾಟಿಲಿ ರಾತ್ರಿಗೆ ಗೇಟ್ ಹಾಕ್ಬುಡ್ತಾರೆ."

"ನಿಮ್ಗೆ ಯಾಕೆ ಗೇಟು?"

"ಹುಲಿ, ಆನೆ."

ಆ ಹೆಂಗಸು ನಗುತ್ತಾರೆ. "ನಮ್ಗೆ ಕರೆಂಟು."

27 ಕಡಿದಾದ ತಿರುವುಗಳ ನಮ್ಮ ಘಾಟಿ ಸತ್ಯಮಂಗಲ ಹುಲಿ ಮೀಸಲು ಅರಣ್ಯದ ನಡುವೆ ಹಾದುಹೋಗುತ್ತದೆ. ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದವೆಂದು ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2022ರ ಫೆಬ್ರವರಿಯಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ಆಂಬುಲೆನ್ಸಿನಂಥವಕ್ಕೆ ವಿನಾಯಿತಿ ಇದೆ. ಆದರೂ ಜಿಲ್ಲಾ ಕಚೇರಿಗೆ, ಕೋರ್ಟಿಗೆ, ಆಸ್ಪತ್ರೆಗೆ ಇಳಿದವರು ಮಧ್ಯಾಹ್ನವಾಗುತ್ತಿದ್ದಂತೆ ಗಂಟೆ ನೋಡಲು ಶುರು ಮಾಡುತ್ತಾರೆ. ಆ ನೋಟವೇ ಇಲ್ಲಿ ಕಂಬಿಗೆ ಒರಗಿದವರ ಕಣ್ಣಲ್ಲೂ ಇದೆ. ಕಾಡಿಗೂ ಕರೆಂಟಿಗೂ ದೇಶವೆಲ್ಲ ವಾರಸುದಾರ. ಅದಕ್ಕಾಗಿ ಮನೆಗೆ ಬೇಗ ಹೊರಡಬೇಕಾದವರು ಮಾತ್ರ ಈ ಕೆಲವು ಊರಿನವರು.

ಲಾಂಚು ಈಗ ಹೊಸ ಸೇತುವೆಯ ಸಮೀಪ ಸಾಗುತ್ತಿದೆ. ನೀರಿನಿಂದ ಎದ್ದ ಕಂಬಗಳು, ಅವುಗಳಿಂದ ಇಳಿಬಿಟ್ಟ ಕೇಬಲ್ಲುಗಳು, ಮೇಲೆ ಹೆಲ್ಮೆಟ್ಟು ತೊಟ್ಟ ಕೆಲಸಗಾರರು. 2018ರಲ್ಲಿ ಶಂಕುಸ್ಥಾಪನೆ ಆದದ್ದು. ಉದ್ದ 2.44 ಕಿ.ಮೀ. "ಮಳೆಗಾಲದೊಳಗೆ ಬಿಡ್ತಾರಂತೆ," ಎಂದು ಒಬ್ಬರು, "ಬಿಟ್ಟಾಗ ನೋಡಣ," ಎಂದು ಇನ್ನೊಬ್ಬರು. ಅರವತ್ತು ವರ್ಷ ಕಾದವರ ನಂಬಿಕೆಗೂ ಒಂದು ಎಚ್ಚರ ಇರುತ್ತದೆ.

ಇಪ್ಪತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಕಳಸವಳ್ಳಿಯ ದಡಕ್ಕೆ ಹಲಗೆ ಬೀಳುತ್ತದೆ. ಎಂಜಿನ್ನುಗಳು ಒಟ್ಟಿಗೇ ಶುರುವಾಗುತ್ತವೆ, ಧೂಳು ಏಳುತ್ತದೆ, ಹಾಲಿನ ಕ್ಯಾನುಗಳು ಬಸ್ಸಿನ ಮೇಲೇರುತ್ತವೆ. ನೀರು ಮೂರು ಕಡೆ ಸುತ್ತಿರುವ ಈ ನೆಲಕ್ಕೆ ಕೋಗಾರಿನ ಕಡೆಯಿಂದ ರಸ್ತೆಯಿದೆ. ಆದರೆ ಸಾಗರದಿಂದ ಅದು 80 ಕಿ.ಮೀ. ಆಸುಪಾಸಿನ ಸುತ್ತು. ಅದಕ್ಕೇ ಇದನ್ನು ದ್ವೀಪವೆಂದೇ ಎಲ್ಲರೂ ಕರೆಯುವುದು.

ಸಿಗಂದೂರಿನಲ್ಲಿ ಚೌಡೇಶ್ವರಿಗೆ ಹಣ್ಣುಕಾಯಿ, ಪ್ರಸಾದದ ಊಟ. 'ಸಿಗಂದೂರು ಶ್ರೀ ದೇವಿಯ ಕಾವಲಿದೆ' ಎಂಬ ಬೋರ್ಡು ಮಲೆನಾಡಿನ ತೋಟಗಳ ಬೇಲಿಯಲ್ಲಿ ದಾರಿಯುದ್ದಕ್ಕೂ ಕಂಡಿದ್ದೆವು. ಕದ್ದವರನ್ನು ಬಿಡುವವಳಲ್ಲ ಈ ತಾಯಿ ಎಂದು ನಂಬಿಕೆ. ದೊಡ್ಡವ್ವ ತನ್ನ ಹೊಲಕ್ಕೂ ಒಂದು ಬೋರ್ಡು ಕೊಳ್ಳುತ್ತಾಳೆ. "ಆನೆಗೆ ಓದಕ್ಕೆ ಬರಲ್ಲ, ದೊಡ್ಡವ್ವ," ಎನ್ನುತ್ತಾನೆ ಡ್ರೈವರ್. "ತಾಯಿ ಓದಿಸ್ತಾಳೆ, ನೀ ಗಾಡಿ ತೆಗಿ, ಲಾಂಚು ತಪ್ಪೋದಾದು." ಒಂದೇ ದಿನದಲ್ಲಿ ಅವಳಿಗೂ ಇಲ್ಲಿಯವರ ಅವಸರ ಅಂಟಿದೆ.

2025ರ ಜುಲೈ 14ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಆ ಸೇತುವೆಯನ್ನು ಉದ್ಘಾಟಿಸಿದರು. ತಾಳವಾಡಿಯ ಚಹಾ ಅಂಗಡಿಯ ಮುಂದೆ ಮೊಬೈಲಿನಲ್ಲಿ ಆ ವಿಡಿಯೊ ನೋಡುತ್ತ ನಮ್ಮ ಹುಡುಗರು, "ಛೇ, ಇನ್ನು ಲಾಂಚಲ್ಲಿ ಹೋಗೋ ಮಜಾ ಇಲ್ಲ," ಅಂದರು. ಅದೇ ಹಿನ್ನೀರಿನ ಹಸಿರುಮಕ್ಕಿ, ಮುಪ್ಪಾನೆಯ ಕಡವುಗಳಲ್ಲೂ ಲಾಂಚು ಇದೆಯಲ್ಲ ಎಂದು ನಾನು ಹೇಳುವಷ್ಟರಲ್ಲಿ ದೊಡ್ಡವ್ವ ಗದರಿದಳು:

"ಒಂದಿನ ಹತ್ತಿ ಇಳ್ದೋರ್ಗೆ ಮಜಾನೇ ಕನ್ಲಾ. ಆ ಹೆಣ್ಮಗಳು ಇವತ್ತು ರಾತ್ರಿ ಗಂಟೆ ನೋಡ್ದೆ ಮಲಗ್ತಾಳೆ, ಅದ ನೋಡು."